ಮದುಮಗಳ ಮುಖಕ್ಕೆ ಬ್ಲರ್ ಹೊಡೆಯುವ ಮೊದಲು

ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ ಅಂತ ಕಾಸರಗೋಡಿನ ಕಡೆ ಬರುವಾಗ ಬ್ಯೂಟಿ ಪಾರ್ಲರಿನ ಬೋರ್ಡುಗಳನ್ನು ಸ್ವಲ್ಪ ನಿಂತು ನೋಡಿ. ಮದುಮಗಳ ತಲೆಯಲ್ಲಿ ಮಲ್ಲಿಗೆ ಇರುತ್ತದೆ, ಕೊರಳು ತುಂಬ ಚಿನ್ನ ಇರುತ್ತದೆ, ಮುಖದ ಜಾಗದಲ್ಲಿ ಮಾತ್ರ ಸಿಪ್ಪೆ ಸುಲಿದ ಮೊಟ್ಟೆ. ಮುಖ ಬೆಳ್ಳಗೆ, ಕೈ ಕಂದು, ಕಿವಿ ಇನ್ನೊಂದು ಬಣ್ಣ. ಇದಕ್ಕೆಲ್ಲ ಫೋಟೋಶಾಪನ್ನು ಬೈದು ಫಲವಿಲ್ಲ. ರಿಟಚಿಂಗ್, ಅಂದರೆ ತೆಗೆದ ಫೋಟೋದಲ್ಲಿ ಚರ್ಮವನ್ನು ತಿದ್ದುವ ನಾಲ್ಕೈದು ಗಂಟೆಯ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿದರೆ ಆಗುವುದೇ ಹೀಗೆ. ಚರ್ಮದ ಜಾಹೀರಾತಿನಲ್ಲಿ ಚರ್ಮವೇ ಕಾಣದಿದ್ದರೆ ಮತ್ತೆ ಉಳಿದದ್ದೇನು?

ಅರ್ಧ ತೊಂದರೆ ಕ್ಯಾಮೆರಾದಲ್ಲೇ ಹುಟ್ಟುತ್ತದೆ. ನಮ್ಮ ಕಡೆ ಹೊರಾಂಗಣ ಅಂದರೆ ಅಡಕೆ ತೋಟ ಅಥವಾ ಮುರಕಲ್ಲಿನ ಗೋಡೆ. ತೋಟದೊಳಗೆ ಸೋಗೆಗಳಿಂದ ಸೋಸಿ ಬರುವ ಬೆಳಕು ಹಸಿರು. ಅದು ಗದ್ದದ ಕೆಳಗೆ, ಕುತ್ತಿಗೆಯ ನೆರಳಿನಲ್ಲಿ ಕೂತುಬಿಡುತ್ತದೆ. ಕೆಂಪು ಮಣ್ಣಿನ ಅಂಗಳದಲ್ಲಿ ನಿಲ್ಲಿಸಿದರೆ ಕೆಳಗಿನಿಂದ ಕಿತ್ತಳೆ ಬೆಳಕು ಹಾರಿ ಮೂಗಿನ ತಳ, ಹುಬ್ಬಿನ ಕೆಳಭಾಗ ಬೆಂದ ಹಾಗೆ ಕಾಣುತ್ತದೆ. ವೈಟ್ ಬ್ಯಾಲೆನ್ಸ್ (ಇಡೀ ಚಿತ್ರದ ಬಣ್ಣದ ಹದ) ಒಂದೇ ಸಲ ತಿರುಗಿಸಿ ತೋಟದ ಹಸಿರನ್ನು ತೆಗೆಯಲು ಹೋದರೆ ನೆರಳು ಸರಿಯಾಗಿ ಹಣೆ ನೇರಳೆಯಾಗುತ್ತದೆ. ನೆರಳಿಗೆ ಮಾತ್ರ ಮಾಸ್ಕ್ (ತಿದ್ದಿದ್ದು ಬೇಕಾದ ಜಾಗಕ್ಕಷ್ಟೇ ತಾಗುವಂತೆ ಹಾಕುವ ಮರೆ) ಹಾಕಿ, ಬೆಳಕು ಬಣ್ಣ ಏರಿಳಿಸುವ ಕರ್ವ್ಸ್‌ನ ಹಸಿರು ಚಾನೆಲ್ಲನ್ನು ಮಧ್ಯದಲ್ಲಿ ಸ್ವಲ್ಪ ಇಳಿಸುವುದೇ ದಾರಿ. ಇನ್ನು ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಮೇಕಪ್ ಹಾಕಿ ಇಪ್ಪತ್ತು ನಿಮಿಷಕ್ಕೆ ಹಣೆ ಮಿನುಗುತ್ತದೆ, ಮೂಗಿನ ಪಕ್ಕ ಫೌಂಡೇಶನ್ ಒಡೆಯುತ್ತದೆ. ಬೆವರಿನ ಹೊಳಪು ಪೂರ್ತಿ ಬಿಳಿಗೆ ಹೋದ ಜಾಗದಲ್ಲಿ ಮಾಹಿತಿಯೇ ಇರುವುದಿಲ್ಲ, ಅಲ್ಲಿ ಎಷ್ಟು ಕಪ್ಪು ಬಳಿದರೂ ಬೂದಿ ಮೆತ್ತಿದ ಹಾಗಾಗುತ್ತದೆ. ಶೂಟಿಂಗಿನಲ್ಲಿ ಒಂದು ಟಿಶ್ಯೂ ಒತ್ತಿದ್ದರೆ ಅರ್ಧ ಗಂಟೆಯ ಕೆಲಸ ಉಳಿಯುತ್ತಿತ್ತು.

ಫೈಲು ರಾ (ಕ್ಯಾಮೆರಾ ಹಿಡಿದದ್ದನ್ನು ಹಾಗೆಯೇ ಇಟ್ಟ ಫೈಲು) ಆಗಿಯೇ ಬರಲಿ. ಅದನ್ನು 16 ಬಿಟ್‌ನಲ್ಲಿ ತೆರೆಯಿರಿ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕೆನ್ನೆಯ ಹಾಗೆ ನಿಧಾನವಾಗಿ ಇಳಿಯುವ ನೆರಳನ್ನು ನಾಲ್ಕು ಸಲ ಎಳೆದಾಡಿದರೆ ಪಟ್ಟೆ ಪಟ್ಟೆ ಏಳುತ್ತದೆ. ಲ್ಯಾಪ್‌ಟಾಪಿನ ಬೆಳಕು ಪೂರ್ತಿ ಏರಿಸಿಟ್ಟು ಕೆಲಸ ಮಾಡುವವರ ಚಿತ್ರ ಅಚ್ಚಿನಲ್ಲಿ ಕಪ್ಪಾಗಿ ಬರುವುದು ಖಂಡಿತ. ಸ್ಕ್ರೀನಿನ ಬಣ್ಣವನ್ನು 6500 ಕೆಲ್ವಿನ್, ಬೆಳಕನ್ನು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾದ ಆಸುಪಾಸಿಗೆ ಇಳಿಸಿಕೊಳ್ಳಿ.

ಮೊದಲ ಕೆಲಸ ಗುಡಿಸುವುದು. ಹೊಸ ಖಾಲಿ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ಹಾಕಿ, ಬೇರೆ ಕಡೆಯ ಚರ್ಮ ತಂದು ಕಲೆ ಮುಚ್ಚುವ ಹೀಲಿಂಗ್ ಬ್ರಷ್ಷಿನ ಸ್ಯಾಂಪಲನ್ನು 'ಕರೆಂಟ್ ಆ್ಯಂಡ್ ಬಿಲೋ' ಎಂದಿಟ್ಟುಕೊಳ್ಳಿ. ಬ್ರಷ್ ಮೊಡವೆಗಿಂತ ಒಂದು ಎಳೆ ದೊಡ್ಡದಿದ್ದರೆ ಸಾಕು. ಹಣೆಯ ಚರ್ಮವನ್ನು ಕೆನ್ನೆಗೆ ತಂದು ಅಂಟಿಸಬೇಡಿ; ಎರಡರ ರಂಧ್ರಗಳ ಗಾತ್ರ, ಅವು ವಾಲಿದ ದಿಕ್ಕು ಬೇರೆ ಬೇರೆ. ಏನು ತೆಗೆಯಬೇಕು ಎಂಬುದಕ್ಕೆ ಈ ಕಸುಬಿನವರ ಲೆಕ್ಕ ಸರಳ: ಎರಡು ವಾರದಲ್ಲಿ ತಾನಾಗಿ ಹೋಗುವುದನ್ನು ತೆಗೆಯಬಹುದು. ಮಚ್ಚೆ, ಹಳೆಯ ಗಾಯದ ಗುರುತು, ಕೆನ್ನೆಯ ಗುಳಿ ಆ ವ್ಯಕ್ತಿಯ ಸ್ವತ್ತು, ಅವರನ್ನು ಕೇಳದೆ ಮುಟ್ಟಬಾರದು. ತಾನೇ ಜಾಗ ಹುಡುಕಿ ಮುಚ್ಚುವ ಸ್ಪಾಟ್ ಹೀಲಿಂಗನ್ನು ಮುಖದ ಮೇಲೆ ಕಣ್ಣುಮುಚ್ಚಿ ಓಡಿಸಿದರೆ ಸಣ್ಣ ಹರಳಿನ ಮೂಗುತಿಯನ್ನೂ ಮೊಡವೆ ಎಂದೇ ತಿಳಿದು ನುಂಗಿಬಿಡುತ್ತದೆ. ಮದುವೆ ಆಭರಣದ ಚಿತ್ರದಲ್ಲಿ ಮೂಗುತಿ ಕಾಣೆಯಾದರೆ ಗಿರಾಕಿಗೆ ಏನು ಹೇಳುತ್ತೀರಿ ಮಾರಾಯ್ರೆ!

ಆಮೇಲೆ ಫ್ರೀಕ್ವೆನ್ಸಿ ಸೆಪರೇಶನ್. ಯೂಟ್ಯೂಬಿನಲ್ಲಿ ಇದನ್ನು ಮಂತ್ರದ ಹಾಗೆ ಹೇಳಿಕೊಡುತ್ತಾರೆ. ತತ್ತ್ವ ಇಷ್ಟೇ: ಬಣ್ಣ ಮತ್ತು ನೆರಳು ಒಂದು ಲೇಯರಿಗೆ, ರಂಧ್ರ ಮತ್ತು ರೋಮ ಇನ್ನೊಂದಕ್ಕೆ. ಚಿತ್ರದ ಎರಡು ಪ್ರತಿ ಮಾಡಿ, ಕೆಳಗಿನದಕ್ಕೆ ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡಿ. 24 ಮೆಗಾಪಿಕ್ಸೆಲ್‌ನ ಮುಖದ ಕ್ಲೋಸಪ್ಪಿಗೆ 8ರಿಂದ 12 ಪಿಕ್ಸೆಲ್, ಸೊಂಟದವರೆಗಿನ ಚಿತ್ರಕ್ಕೆ 4 ಅಥವಾ 5. ರಂಧ್ರಗಳು ಆಗಷ್ಟೇ ಮಾಯವಾದ ಹಂತದಲ್ಲಿ ನಿಲ್ಲಿಸಬೇಕು. ಮೇಲಿನ ಪ್ರತಿಗೆ ಅಪ್ಲೈ ಇಮೇಜ್ (ಒಂದು ಲೇಯರಿಗೆ ಇನ್ನೊಂದನ್ನು ಕೂಡಿಸುವ, ಕಳೆಯುವ ಆಜ್ಞೆ) ತೆರೆದು ಬ್ಲರ್ ಮಾಡಿದ ಲೇಯರನ್ನು ಆರಿಸಿ. 16 ಬಿಟ್ ಆದರೆ ಆ್ಯಡ್, ಇನ್ವರ್ಟ್ ಗುರುತು ಹಾಕಿ, ಸ್ಕೇಲ್ 2, ಆಫ್‌ಸೆಟ್ 0. 8 ಬಿಟ್ ಆದರೆ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128. ಕೊನೆಗೆ ಆ ಮೇಲಿನ ಲೇಯರಿನ ಮೋಡ್ (ಕೆಳಗಿನದರೊಂದಿಗೆ ಬೆರೆಯುವ ಬಗೆ) ಲೀನಿಯರ್ ಲೈಟ್. ಈಗ ಚಿತ್ರ ಮೊದಲಿನ ಹಾಗೆಯೇ ಕಾಣಬೇಕು. ಅಂಚಿನಲ್ಲಿ ಗೆರೆ ಎದ್ದಿದ್ದರೆ ಅಂಕಿ ತಪ್ಪಿದೆ ಎಂದರ್ಥ, ಮುಂದೆ ಹೋಗಬೇಡಿ.

ಎಡವುವುದು ಕೆಳಗಿನ ಲೇಯರಿನಲ್ಲಿ. ಲ್ಯಾಸೋದಿಂದ ಕೆನ್ನೆ ಸುತ್ತಿ, ಅಂಚು ಮೆತ್ತಗಾಗಲು ಫೆದರ್ 20 ಕೊಟ್ಟು ಬ್ಲರ್ ಮಾಡುತ್ತಾರೆ. ಚಂದ ಕಂಡಿತು ಎಂದು ಮತ್ತೆ ಮಾಡುತ್ತಾರೆ, ಆಮೇಲೆ ಮೂಗಿನ ಪಕ್ಕಕ್ಕೂ ಹೋಗುತ್ತಾರೆ. ಮೂಗನ್ನು ಮೂಗು ಮಾಡಿದ್ದೇ ಆ ಪಕ್ಕದ ನೆರಳು. ಅದು ಕೆನ್ನೆಯೊಂದಿಗೆ ಬೆರೆತರೆ ಮುಖ ಚಪ್ಪಟೆಯಾಗುತ್ತದೆ, ಮೇಲೆ ರಂಧ್ರ ಮಾತ್ರ ಉಳಿದು ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ. ಈ ವಿಧಾನವನ್ನು ಬಂಗಿನ ಕಲೆ, ಒಡೆದ ಫೌಂಡೇಶನ್, ಕೂದಲ ನೆರಳು ಬಿದ್ದ ಹಣೆಗೆ ಇಟ್ಟುಕೊಂಡರೆ ಸಾಕು. ಇಡೀ ಮುಖಕ್ಕೆ ಬೇಡ.

ಮುಖಕ್ಕೆ ಬೇಕಾದದ್ದು ಡಾಡ್ಜ್ ಆ್ಯಂಡ್ ಬರ್ನ್. ಎರಡು ಕರ್ವ್ಸ್ ಲೇಯರ್: ಒಂದರ ಮಧ್ಯಬಿಂದು ಮೇಲೆ, ಇನ್ನೊಂದರದು ಕೆಳಗೆ. ಎರಡರ ಮಾಸ್ಕೂ ಕಪ್ಪು, ಬಿಳಿ ಬಳಿದಲ್ಲಿ ಮಾತ್ರ ಅವು ಕೆಲಸ ಮಾಡುತ್ತವೆ. ಮೆತ್ತಗಿನ ಬಿಳಿ ಬ್ರಷ್, ಒಪಾಸಿಟಿ 100, ಫ್ಲೋ (ಬ್ರಷ್ಷಿನಿಂದ ಬಣ್ಣ ಇಳಿಯುವ ಪ್ರಮಾಣ) 1ರಿಂದ 3 ಶೇಕಡ. ಬೆಳಕು ಕಡಿಮೆಯಿರುವ ಚುಕ್ಕೆಯನ್ನು ಪಕ್ಕದವರೆಗೆ ಏರಿಸುವುದು, ಜಾಸ್ತಿಯಿರುವುದನ್ನು ಇಳಿಸುವುದು, ಅಷ್ಟೇ ಕೆಲಸ. ರಂಧ್ರ ಒಂದೂ ಅಳಿಯುವುದಿಲ್ಲ, ಆದರೂ ಚರ್ಮ ನಯವಾಗುತ್ತದೆ. ಏಕೆಂದರೆ ಕಣ್ಣಿಗೆ ಒರಟು ಎನಿಸುವುದು ಬಹುಪಾಲು ರಂಧ್ರದಿಂದಲ್ಲ, ತೇಪೆ ತೇಪೆಯಾದ ಬೆಳಕಿನಿಂದ. ತೇಪೆ ಎದ್ದು ಕಾಣಬೇಕಾದರೆ ಎಲ್ಲದರ ಮೇಲೆ ಒಂದು ಬ್ಲ್ಯಾಕ್ ಆ್ಯಂಡ್ ವೈಟ್ ಲೇಯರ್ ಇಟ್ಟು ಅದರ ಕೆಂಪು, ಹಳದಿಯನ್ನು ಇಳಿಸಿ. ಕೆಂಪು ಗುರುತುಗಳೆಲ್ಲ ಇದ್ದಿಲ ಚುಕ್ಕೆಗಳ ಹಾಗೆ ಎದ್ದು ನಿಲ್ಲುತ್ತವೆ. ಕೆಲಸ ಮುಗಿದ ಮೇಲೆ ಆ ಲೇಯರನ್ನು ಆಫ್ ಮಾಡಲು ಮರೆಯಬೇಡಿ.

ಇದನ್ನು 100 ಶೇಕಡ ಝೂಮಿನಲ್ಲೇ ಕೂತು ಮಾಡಿದರೆ ರಾತ್ರಿ ಬೆಳಗಾದರೂ ಮುಗಿಯದು. ಒಂದೊಂದು ರಂಧ್ರವನ್ನೂ ಸರಿಮಾಡಿದ ಮೇಲೆ ದೂರದಿಂದ ನೋಡಿದರೆ ತೇಪೆ ಹಾಗೆಯೇ ಇರುತ್ತದೆ. ಮೊದಲು 25 ಅಥವಾ 33 ಶೇಕಡದಲ್ಲಿ ದೊಡ್ಡ ಆಕಾರ, ಆಮೇಲೆ 50, ಕೊನೆಗೆ ಮಾತ್ರ 100. ಅದೇ ಫೈಲನ್ನು ಇನ್ನೊಂದು ಕಿಟಕಿಯಲ್ಲಿ ಸಣ್ಣದಾಗಿ ತೆರೆದಿಟ್ಟುಕೊಂಡರೆ ಒಳ್ಳೆಯದು. ಇನ್ನೊಂದು ತೊಡಕಿದೆ: ಕರ್ವ್ಸ್‌ನಲ್ಲಿ ಕಪ್ಪು ಮಾಡಿದ ಜಾಗ ಬಣ್ಣ ಕಟ್ಟಿ ಕೆಂಪಾಗುತ್ತದೆ, ಬೆಳಕು ಮಾಡಿದ ಜಾಗ ಪೇಲವವಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪನ್ನು ಎತ್ತಿದಾಗ ಬೂದು ಬಣ್ಣ ಬರುವುದು ಇದರಿಂದಲೇ. ಅದರ ಮೇಲೆ ಕಲರ್ ಮೋಡಿನ ಖಾಲಿ ಲೇಯರ್ ಹಾಕಿ, ಕೆನ್ನೆಯಿಂದ ಬಣ್ಣ ತೆಗೆದು 5 ಶೇಕಡದಲ್ಲಿ ಸವರಿದರೆ ಕೂಡಿಕೊಳ್ಳುತ್ತದೆ. ಮೌಸಿನಲ್ಲಿ ಇದೆಲ್ಲ ಹಿಂಸೆ. ಅಂಗೈ ಅಗಲದ ಪೆನ್ ಟ್ಯಾಬ್ಲೆಟ್ ಸಾಕು, ದೊಡ್ಡದು ಬೇಕಿಲ್ಲ.

ಈಗ ಜಗಳದ ವಿಷಯ: 'ಸ್ವಲ್ಪ ಬೆಳ್ಳಗೆ ಮಾಡಿ'. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ತುಳುವಿನಲ್ಲಾಗಲಿ ಗಿರಾಕಿ ಕೇಳುವುದು ಇದನ್ನೇ. ಬೆಳಕು ಹೆಚ್ಚಿಸುವುದು ಬೇರೆ, ಬಣ್ಣ ಬದಲಿಸುವುದು ಬೇರೆ. ನಮ್ಮ ಕಡೆಯ ಚರ್ಮದಲ್ಲಿ ಮುದ್ರಣದ ಅಂಕಿ (ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿಗೆಂಪು, ಹಳದಿ, ಕಪ್ಪು ಶಾಯಿಗಳ ಶೇಕಡ) ನೋಡಿದರೆ ಹಳದಿ ಯಾವಾಗಲೂ ಮೆಜೆಂಟಾಕ್ಕಿಂತ ಒಂದಿಷ್ಟು ಮೇಲೆ, ಸಯಾನ್ ಮೆಜೆಂಟಾದ ಮೂರನೇ ಒಂದರಿಂದ ಅರ್ಧದವರೆಗೆ ಇರುತ್ತದೆ. ಸಯಾನ್ 22, ಮೆಜೆಂಟಾ 45, ಹಳದಿ 54 ಅಂದರೆ ಆರೋಗ್ಯದ ಎಣ್ಣೆಗಪ್ಪು. ಬೆಳ್ಳಗೆ ಮಾಡುವ ಭರದಲ್ಲಿ ಸಯಾನ್ 5ಕ್ಕೆ ಇಳಿದು ಮೆಜೆಂಟಾ ಹಳದಿಯನ್ನು ದಾಟಿದರೆ ಗುಲಾಬಿ ಗೊಂಬೆ ಹುಟ್ಟುತ್ತದೆ, ಕೈ ಮಾತ್ರ ಹಳೆಯ ಊರಿನಲ್ಲೇ ಉಳಿಯುತ್ತದೆ. ಜಾಹೀರಾತು ರಂಗದವರೇ 1985ರಲ್ಲಿ ಕಟ್ಟಿಕೊಂಡ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ 2014ರಲ್ಲಿ ಈ ಬಗ್ಗೆ ಮಾರ್ಗಸೂಚಿ ತಂದಿದೆ: ಕಪ್ಪು ಚರ್ಮದವರನ್ನು ಅಂದವಿಲ್ಲದವರಂತೆ, ದುಃಖಿಗಳಂತೆ ತೋರಿಸುವಂತಿಲ್ಲ. ಹಚ್ಚುವ ಮೊದಲು, ಹಚ್ಚಿದ ನಂತರ ಎಂಬ ಜೋಡಿ ಚಿತ್ರವಾದರೆ ಎರಡನ್ನೂ ಹಾಗೆಯೇ ಬಿಡಬೇಕು. ಅಲ್ಲಿ ಬ್ರಷ್ ಆಡಿಸಿದರೆ ಕ್ರೀಮು ಮಾಡದ ಕೆಲಸವನ್ನು ನೀವು ಮಾಡಿಕೊಟ್ಟ ಹಾಗೆ.

ಕಣ್ಣಿನ ಬಿಳಿಯನ್ನು ಪೂರ್ತಿ ಬಿಳಿ ಮಾಡಬೇಡಿ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಇರಲೇಬೇಕು. ಹಲ್ಲಿಗೆ ಹ್ಯೂ/ಸ್ಯಾಚುರೇಶನ್‌ನಲ್ಲಿ ಹಳದಿಯನ್ನಷ್ಟೇ 40 ಇಳಿಸಿದರೆ ಸಾಕು. ತುಟಿಯ ನಿಲುಗೆರೆ ತೆಗೆದರೆ ಪ್ಲಾಸ್ಟಿಕ್ಕು. ಮಾರುವುದೇ ಲಿಪ್‌ಸ್ಟಿಕ್ ಆದರೆ ಅದೇ ಬೆಳಕಿನಲ್ಲಿ ಕಲರ್ ಚೆಕರ್ (ಬಣ್ಣ ತಾಳೆ ನೋಡುವ ಫಲಕ) ಜತೆ ತೆಗೆದ ಅಸಲಿ ಬಣ್ಣಕ್ಕೆ ತುಟಿಯ ಬಣ್ಣ ಕೂಡಬೇಕು. ಮಲ್ಲಿಗೆಯ ದಂಡೆಯಲ್ಲಿ ಒಂದೊಂದು ಮೊಗ್ಗೂ ಬೇರೆಯಾಗಿ ಕಾಣಬೇಕಾದರೆ ಮುಖಕ್ಕೆ ಮಾಡಿದ ಬೆಳಕಿನ ಕರ್ವ್ಸ್‌ನಿಂದ ಹೂವನ್ನು ಹೊರಗಿಡಿ. ಚಿನ್ನದ ಹಳದಿ ಛಾಯೆ ಕೊರಳಿಗೆ ಹಾರಿರುತ್ತದೆ, ಅದನ್ನು ಅರ್ಧ ಮಾತ್ರ ತೆಗೆಯಿರಿ. ಪೂರ್ತಿ ತೆಗೆದರೆ ಸರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಆಕಾರವನ್ನು ತಳ್ಳಿ ಎಳೆಯುವ ಲಿಕ್ವಿಫೈ ಏನಿದ್ದರೂ ರವಿಕೆಯ ಸುಕ್ಕಿಗೆ, ಎದ್ದ ಕೂದಲಿಗೆ. ಸೊಂಟಕ್ಕೆ ಹೋದರೆ ಸೀರೆಯ ಜರಿ ಅಂಚು ಬಾಗಿ ನಿಮ್ಮನ್ನು ಹಿಡಿದುಕೊಡುತ್ತದೆ.

ಒಂದೇ ಚಿತ್ರ ಮೂರು ಕಡೆ ಹೋಗುವುದಿದ್ದರೆ ಮೂರು ಫೈಲು ಬೇಕು. ಪತ್ರಿಕೆಯ ಕಾಗದ ಶಾಯಿ ಹೀರುತ್ತದೆ: 50 ಶೇಕಡದ ಚುಕ್ಕೆ 75ರ ಆಸುಪಾಸಿಗೆ ಹಿಗ್ಗುತ್ತದೆ. ಮುಖದ ಮಧ್ಯಛಾಯೆಯನ್ನು ಮೊದಲೇ ಏರಿಸಿ, ನಾಲ್ಕೂ ಶಾಯಿಯ ಮೊತ್ತ 220ರಿಂದ 240 ಶೇಕಡ ದಾಟದಂತೆ ನೋಡಿ, ಇಲ್ಲವಾದರೆ ಕಾಡಿಗೆಯೂ ಕಣ್ಣೂ ಒಂದೇ ಮಸಿಯಾಗುತ್ತದೆ. ರೆಸೊಲ್ಯೂಶನ್ ಅಂಗುಲಕ್ಕೆ 200 ಪಿಕ್ಸೆಲ್ ಸಾಕು. ನುಣುಪು ಕಾಗದದ ಕರಪತ್ರಕ್ಕೆ 300. ಹೋರ್ಡಿಂಗಿಗೆ ಅಷ್ಟು ಬೇಡವೇ ಬೇಡ: 20 ಅಡಿ ಅಂದರೆ 240 ಅಂಗುಲ, 6000 ಪಿಕ್ಸೆಲ್ ಅಗಲದ ಫೈಲು ಅಂಗುಲಕ್ಕೆ 25 ಬೀಳುತ್ತದೆ, ರಸ್ತೆಯಾಚೆಯಿಂದ ನೋಡಲು ಅದು ಧಾರಾಳ. ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸಿಗೆ ನಿಷೇಧವಿದೆ. ಅದರ ಬದಲು ಬಟ್ಟೆಯ ಮೇಲೆ ಅಚ್ಚಾದರೆ ಬಣ್ಣ ಒಂದಿಷ್ಟು ಮಂಕಾಗುತ್ತದೆ, ಮೊದಲು ಒಂದು ಅಡಿಯ ತುಂಡು ಅಚ್ಚು ಹಾಕಿಸಿ ಬಿಸಿಲಿನಲ್ಲಿ ನೋಡಿ. ಮೊಬೈಲಿಗೆ ಸ್ಕ್ರೀನಿನ ಬಣ್ಣಕ್ರಮವಾದ ಎಸ್‌ಆರ್‌ಜಿಬಿ, ಅಳತೆ 1080ಕ್ಕೆ 1350 ಪಿಕ್ಸೆಲ್.

ಇಲ್ಲಿಯ ಬೋರ್ಡಿನಲ್ಲಿ ಎರಡು ಲಿಪಿ ಬರುವುದರಿಂದ ಖಾಲಿ ಜಾಗವನ್ನೂ ರಿಟಚಿಂಗ್ ಮಾಡುವಾಗಲೇ ಲೆಕ್ಕ ಹಾಕಿ. ಮಲಯಾಳದ ಉದ್ದ ಪದಕ್ಕೆ ಅಗಲ ಬೇಕು, ಕನ್ನಡದ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಹಿನ್ನೆಲೆಯನ್ನು ಎಳೆದು ಹಿಗ್ಗಿಸಿದರೆ ಗ್ರೇನ್ (ಚಿತ್ರದ ಸಣ್ಣ ಕಾಳು) ಕೂಡ ಹಿಗ್ಗಿ ಗೊತ್ತಾಗುತ್ತದೆ. ಅದರ ಬದಲು ಗ್ರೇಡಿಯಂಟ್ (ನಿಧಾನವಾಗಿ ಬದಲಾಗುವ ಬಣ್ಣ) ಹಾಕಿ, ಅಂಥದೇ ಕಾಳು ಬರಲು ಅದರ ಮೇಲೆ 1 ಅಥವಾ 2 ಶೇಕಡ ನಾಯ್ಸ್ ಸೇರಿಸಿ. ಲೇಯರ್ ಇರುವ ಪಿಎಸ್‌ಡಿ ಫೈಲನ್ನು ಬೋರ್ಡು ಏರಿದ ಮೇಲೂ ಅಳಿಸಬೇಡಿ. 'ಆ ಮಚ್ಚೆ ಮೊದಲಿನ ಹಾಗೇ ಇರಲಿ' ಎಂದು ಮಾಡೆಲ್ಲಿನ ಮನೆಯಿಂದ ಫೋನು ಬರುವುದು ಆಮೇಲೆಯೇ.