ತಲಶ್ಶೇರಿಗೆ ಹೋಗಿ ಮಾಂಬಳ್ಳಿಯವರ ಕೇಕ್ ತರುವುದಾದರೆ

ಹಳೆಯ ಮಾಂಬಳ್ಳಿ ಬೇಕರಿಯ ಪ್ಲಮ್ ಕೇಕಿಗೆಂದೇ ಕೇರಳದ ತಲಶ್ಶೇರಿಗೆ ಹೋಗುವುದಾದರೆ ಡಿಸೆಂಬರ್ ಮೊದಲ ಎರಡು ವಾರ ಒಳ್ಳೆಯದು. ಕ್ರಿಸ್‌ಮಸ್ ಹತ್ತಿರವಾದಂತೆ ಬೇಕರಿಗಳಲ್ಲಿ ಜನ ಕಿಕ್ಕಿರಿಯುತ್ತಾರೆ, ಕೌಂಟರಿನಲ್ಲಿ ನಿಂತು ಕೇಳಿ ತಿಳಿದುಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಮಳೆಗಾಲದಲ್ಲಿ ಹೋದರೆ ಊರು ಚೆಂದ, ಆದರೆ ಕೇಕ್ ಹೊತ್ತು ತರುವುದು ಕಷ್ಟ.

ಮಂಗಳೂರಿನವರಿಗೆ ರೈಲೇ ಸರಿ. ಕಣ್ಣೂರು ದಾಟಿದರೆ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ತಲಶ್ಶೇರಿ. ಬೆಳಗಿನ ಗಾಡಿ ಹತ್ತಿದರೆ ಅದೇ ದಿನ ಸಂಜೆ ವಾಪಸಾಗಬಹುದು. ಬೆಂಗಳೂರಿನಿಂದ ಯಶವಂತಪುರ–ಕಣ್ಣೂರು ಎಕ್ಸ್‌ಪ್ರೆಸ್ ಇದೆ. ಅದು ಸೇಲಂ, ಪಾಲಕ್ಕಾಡ್ ಸುತ್ತಿಕೊಂಡು ರಾತ್ರಿಯಿಡೀ ಓಡುತ್ತದೆ. ತಲಶ್ಶೇರಿ ಕಣ್ಣೂರಿಗಿಂತ ಮೊದಲೇ ಬರುವುದರಿಂದ ಕೊನೆಯ ನಿಲ್ದಾಣವೆಂದು ಮಲಗಿಬಿಡಬೇಡಿ. ಕಾರಿನವರು ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿ ಹಿಡಿಯುತ್ತಾರೆ. ಮಾಕುಟ್ಟ ಘಾಟಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು, 2018ರಲ್ಲಿ ದಿನಗಟ್ಟಲೆ ರಸ್ತೆ ಮುಚ್ಚಿತ್ತು. ಹಾಗೆಂದು ಬಾವಲಿ ರಸ್ತೆಗೆ ತಿರುಗಿದರೆ ನಾಗರಹೊಳೆ ಕಾಡಿನೊಳಗೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಸಂಚಾರವೇ ಇಲ್ಲ.

ಈಗ ಬೇಕರಿಯ ವಿಷಯ. ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು ಬಂದ ಮಾಂಬಳ್ಳಿ ಬಾಪು 1880ರಲ್ಲಿ ಇಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ತೆರೆದರು. ಈಸ್ಟ್ ಸಿಗದ ಕಾಲ, ಹಿಟ್ಟು ಹುದುಗಲು ಕಳ್ಳನ್ನೇ ಬಳಸುತ್ತಿದ್ದರು. 1883ರ ಡಿಸೆಂಬರಿನಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ದೊರೆ ಮರ್ಡಾಕ್ ಬ್ರೌನ್ ಇಂಗ್ಲೆಂಡಿನ ಕೇಕಿನ ತುಂಡೊಂದನ್ನು ತಂದುಕೊಟ್ಟು ಇಂಥದ್ದೇ ಮಾಡಿಕೊಡಲು ಕೇಳಿದ. ಕೋಕೋ, ಖರ್ಜೂರ, ಒಣದ್ರಾಕ್ಷಿಯನ್ನೂ ಅವನೇ ಕೊಟ್ಟ, ಬ್ರಾಂಡಿಯನ್ನು ಹತ್ತಿರದ ಫ್ರೆಂಚರ ಮಾಹೆಯಿಂದ ತರಿಸಿಕೋ ಎಂದ. ಬಾಪು ಬ್ರಾಂಡಿ ತರಿಸಲಿಲ್ಲ. ಗೇರುಹಣ್ಣು, ಕದಳಿ ಬಾಳೆಹಣ್ಣು ಹುದುಗಿಸಿದ ಊರಿನ ಮದ್ಯವನ್ನೇ ಹಾಕಿದರು. ಅಚ್ಚನ್ನು ಧರ್ಮಡಂನ ಕಮ್ಮಾರನಿಂದ ಮಾಡಿಸಿದರು. ಕೇಕ್ ತಿಂದ ಬ್ರೌನ್ ಮೆಚ್ಚಿ ಇನ್ನೂ ಒಂದು ಡಜನ್ ಬೇಕೆಂದ. ಭಾರತದಲ್ಲಿ ತಯಾರಾದ ಮೊದಲ ಕ್ರಿಸ್‌ಮಸ್ ಕೇಕ್ ಇದೇ ಎಂದು ಹೇಳುತ್ತಾರೆ.

ಮುಂದಿನದನ್ನು ನಮ್ಮ ಕರಾವಳಿಯವರು ಬೇಗ ಹಿಡಿಯುತ್ತಾರೆ. ಈ ಮನೆತನದಲ್ಲಿ ನಡೆಯುತ್ತಿದ್ದದ್ದು ಮರುಮಕ್ಕತ್ತಾಯಂ, ಅಂದರೆ ನಮ್ಮ ಅಳಿಯಸಂತಾನದಂಥದ್ದು. ಹಾಗಾಗಿ ಬೇಕರಿ ಬಾಪುವಿನ ಮಕ್ಕಳಿಗಲ್ಲ, ಸೋದರಳಿಯ ಗೋಪಾಲರಿಗೆ ಬಂತು. ಗೋಪಾಲರ ಮಕ್ಕಳು ಹನ್ನೊಂದು ಜನ. ಅವರಿಂದ ಕೇರಳದ ಬೇರೆ ಬೇರೆ ಊರುಗಳಿಗೆ ಕವಲು ಹಬ್ಬಿತು. ಎಲ್ಲೆಡೆ ಹೆಸರು ಒಂದೇ ಅಲ್ಲ. ತಿರುವನಂತಪುರದ ಶಾಂತಾ ಬೇಕರಿಯೂ ಇದೇ ಬಳ್ಳಿಯದು. ಆದ್ದರಿಂದ ತಲಶ್ಶೇರಿಯಲ್ಲಿ ಕೇಳುವಾಗ ರಾಯಲ್ ಬಿಸ್ಕತ್ ಎನ್ನುವುದಕ್ಕಿಂತ ಮಾಂಬಳ್ಳಿ ಬೇಕರಿ ಎಂದು ಕೇಳಿ. ಅಲ್ಲಿ ಮ್ಯೂಸಿಯಂ ಥರದ್ದನ್ನು ನಿರೀಕ್ಷಿಸಿ ಹೋಗಬೇಡಿ. ದಿನದ ವ್ಯಾಪಾರ ನಡೆಯುತ್ತಿರುವ ಅಂಗಡಿ ಅದು, ಜನ ಬ್ರೆಡ್ಡು, ಬನ್ನು ಕಟ್ಟಿಸಿಕೊಂಡು ಹೋಗುತ್ತಿರುತ್ತಾರೆ. ನೂರ ನಲವತ್ತು ವರ್ಷ ದಾಟಿದ ಕಸುಬು ಹೀಗೆ ಬದುಕಿರುವುದೇ ಹೆಚ್ಚು.

ಅಯ್ಯಂಗಾರ್ ಬೇಕರಿಯ ಅಭ್ಯಾಸದವರಿಗೆ ಒಂದು ಮಾತು: ಈ ಕಡೆಯ ಪ್ಲಮ್ ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ ಎಂದುಕೊಳ್ಳಿ. ರಮ್ ಅಥವಾ ವೈನ್ ಇದೆಯೇ ಎಂಬುದನ್ನು ಕೇಳಿಯೇ ತೆಗೆದುಕೊಳ್ಳಿ, ಎರಡೂ ಬಗೆ ಮಾಡುವವರಿದ್ದಾರೆ.

ಮೊದಲು ಒಂದು ತುಂಡು ತಿಂದು ನೋಡಿ. ಹಣ್ಣಿನ ಚೂರುಗಳು ಮೇಲಿಂದ ಕೆಳಗಿನವರೆಗೆ ಹರಡಿರಬೇಕು. ಎಲ್ಲ ತಳಕ್ಕಿಳಿದಿದ್ದರೆ ಹಿಟ್ಟು ತೆಳ್ಳಗಾಗಿದೆ, ಇಲ್ಲವೇ ನೆನೆಸಿದ ಹಣ್ಣನ್ನು ಸರಿಯಾಗಿ ಬಸಿಯದೆ, ಮೈದಾದಲ್ಲಿ ಹೊರಳಿಸದೆ ಹಾಕಿದ್ದಾರೆ. ಕಡುಕಂದು ಬಣ್ಣ ಬರುವುದು ಸಕ್ಕರೆ ಸುಟ್ಟ ಪಾಕದಿಂದ. ನಾಲಿಗೆಯ ಹಿಂಬದಿಯಲ್ಲಿ ಕಹಿ ನಿಂತರೆ ಪಾಕ ಸೀದಿದೆ ಎಂದರ್ಥ. ಅವತ್ತೇ ಒಲೆಯಿಂದ ಇಳಿಸಿದ್ದಕ್ಕಿಂತ ಎರಡು ಮೂರು ದಿನ ಕೂತ ಕೇಕೇ ರುಚಿ. ಅಷ್ಟರಲ್ಲಿ ಹಣ್ಣಿನ ರಸ ಒಳಗೆಲ್ಲ ಇಳಿದಿರುತ್ತದೆ, ಕೊಯ್ದರೆ ಪುಡಿಯಾಗುವುದಿಲ್ಲ.

ಒಂದೇ ದಿನದಲ್ಲಿ ಹೋಗಿ ಬರುವವರು ಬೆಳಿಗ್ಗೆ 1708ರ ಕೋಟೆ, ಮಲಯಾಳಂ ನಿಘಂಟು ಬರೆದ ಜರ್ಮನ್ ಪಾದ್ರಿ ಗುಂಡರ್ಟ್ ಇದ್ದ ಇಲ್ಲಿಕುನ್ನಿನ ಬಂಗಲೆ ನೋಡಿ, ಮಧ್ಯಾಹ್ನ ಸಣ್ಣ ಕಾಳಿನ ಕೈಮ ಅಕ್ಕಿಯ ಬಿರಿಯಾನಿ ಉಂಡು, ಕೇಕನ್ನು ಕೊನೆಗೆ ಕೊಳ್ಳಿ. ಬೆಳಿಗ್ಗೆಯೇ ಕೊಂಡು ಬಿಸಿಲಲ್ಲಿ ನಿಂತ ಕಾರಿನಲ್ಲಿಟ್ಟರೆ ಬೆಣ್ಣೆ ಬಿಟ್ಟುಕೊಂಡು ಕಾಗದವೆಲ್ಲ ಜಿಡ್ಡಾಗುತ್ತದೆ. ಪುದುಚೇರಿಗೆ ಸೇರಿದ ಮಾಹೆ ಹತ್ತು ಕಿ.ಮೀ. ಒಳಗೇ ಇದೆ, ಅಲ್ಲಿ ಮದ್ಯ ಅಗ್ಗ ಎಂದು ಬಾಟಲಿ ಕೊಂಡು ಕೇರಳದೊಳಗೆ ಬಂದರೆ ಅಬಕಾರಿ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಬೆಚ್ಚಗಿರುವ ಕೇಕನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಸಬೇಡಿ. ಒಳಗೆ ಬೆವರಿ ನೀರಾಗುತ್ತದೆ, ಕರಾವಳಿಯ ಸೆಕೆಗೆ ಬೇಗನೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಕೇಕಿಗೆ ಬೆಣ್ಣೆ ಕಾಗದ, ಅದರ ಮೇಲೆ ರಟ್ಟಿನ ಡಬ್ಬಿ ಸಾಕು. ರೈಲಿನಲ್ಲಿ ಸೀಟಿನ ಕೆಳಗಿಡದೆ ಮೇಲಿನ ಬರ್ತಿನಲ್ಲಿ ಮಟ್ಟಸವಾಗಿಡಿ. ಕ್ರೀಮ್ ಕೇಕ್ ಮಾತ್ರ ದೂರ ಹೊತ್ತು ತರುವ ಆಸೆ ಬೇಡ, ಅಲ್ಲೇ ತಿನ್ನಿ. ಮನೆಗೆ ಬಂದ ಮೇಲೆ ಗರಗಸದ ಹಲ್ಲಿನ ಚಾಕುವಿನಿಂದ ಬೇಕಾದಷ್ಟೇ ಕೊಯ್ದು, ಉಳಿದದ್ದನ್ನು ಒದ್ದೆ ಕೈ ತಾಗಿಸದೆ ಗಾಳಿಯಾಡದ ಡಬ್ಬಿಯಲ್ಲಿಡಿ.