ಹಿತ್ತಲ ಕಟ್ಟೆಯ ತತ್ತಿ

ನಮ್ಮ ಮನೆಯಲ್ಲಿ ತತ್ತಿಗೆ ಅಡಿಗೆಮನೆಯ ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಒಂದು ಇಂಡಕ್ಷನ್ ಒಲೆ, ಅದಕ್ಕೇ ಮೀಸಲಾದ ಒಂದು ಬೋಗುಣಿ, ಒಂದು ಚಮಚ, ಒಂದೆರಡು ತಾಟು. ತಿಕ್ಕುವ ನಾರು ಸಹ ಬೇರೆ. ಹುಬ್ಬಳ್ಳಿ ಉಣಕಲ್ಲಿನ ನಮ್ಮ ಓಣಿಯಲ್ಲಿ ಇಂಥ ಏರ್ಪಾಡಿನ ಮನೆಗಳು ಬೇಕಾದಷ್ಟಿವೆ. ಸಾವಜಿ ಖಾನಾವಳಿಯಲ್ಲಿ ಕುಳಿತು ಕಣ್ಣೀರು ಬರುವಷ್ಟು ಖಾರದ ತತ್ತಿ ಮಸಾಲೆ ಹೊಡೆದು ಬಂದ ಗಂಡಸರೂ ಮನೆಯಲ್ಲಿ ಹಿತ್ತಲ ಕಟ್ಟೆಯ ಕಾಯ್ದೆಗೆ ತಲೆಬಾಗುತ್ತಾರೆ.

ಮಾವನವರಿಗೆ ಹರ್ನಿಯಾ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಎಣ್ಣೆ ಕಡಿಮೆ ಮಾಡಿ, ದಿನಾ ತತ್ತಿ ಕೊಡಿ ಎಂದರು. "ಯಾಕ್ರಿ, ಹೆಸರಕಾಳು, ಮಡಕಿಕಾಳು ಎಲ್ಲಾ ತೀರಿ ಹೋಗ್ಯಾವೇನು?" ಎಂದು ಅತ್ತೆ ಅಲ್ಲೇ ಕೇಳಿಬಿಟ್ಟರು. ಅವರ ಮಾತೂ ಸುಳ್ಳಲ್ಲ. ಒಂದು ತತ್ತಿಯಲ್ಲಿರುವುದು ಸುಮಾರು 6 ಗ್ರಾಂ ಪ್ರೋಟೀನು. ಬೇಯಿಸಿದ ಹೆಸರುಕಾಳು ಒಂದು ಸಣ್ಣ ಬಟ್ಟಲು ತಿಂದರೂ ಅಷ್ಟು ಸಿಕ್ಕುತ್ತದೆ. ಆದರೆ ಕಾಳು ತಿಂದ ರಾತ್ರಿ ಮಾವನವರಿಗೆ ಹೊಟ್ಟೆ ಉಬ್ಬರ, ಹೊಲಿಗೆ ಹಾಕಿದ ಜಾಗದಲ್ಲಿ ನೋವು. ಹಾಗಾಗಿ ತತ್ತಿಯೇ ಗಟ್ಟಿಯಾಯಿತು, ಔಷಧದ ಲೆಕ್ಕದಲ್ಲಿ.

ಕುದಿಸುವ ಕೆಲಸ ನನ್ನ ಗಂಡನದು. ಬೋಗುಣಿಯಲ್ಲಿ ತತ್ತಿ ಇಟ್ಟು, ಒಲೆ ಹಚ್ಚಿ, ಪೇಪರ್ ಹಿಡಿದು ಕುಳಿತರೆಂದರೆ ಸಂಪಾದಕೀಯ ಮುಗಿಯುವವರೆಗೂ ನೀರು ಕುದಿಯುತ್ತಲೇ ಇರುತ್ತಿತ್ತು. ಸುಲಿದು ಸೀಳಿದರೆ ಹಳದಿಯ ಸುತ್ತ ಬೂದು ಹಸಿರಿನ ಒಂದು ಬಳೆ. ಬಾಯಿಗಿಟ್ಟರೆ ಹಳದಿ ಪುಡಿಪುಡಿಯಾಗಿ ಗಂಟಲಿಗೆ ಅಂಟುತ್ತಿತ್ತು. ಕಟ್ಟಿಸಿದ ಹಲ್ಲಿನ ಮಾವನವರು ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದರು. ಅದಕ್ಕಿಂತ ದೊಡ್ಡ ಫಜೀತಿ ವಾಸನೆಯದು. ಹಿತ್ತಲಿನಲ್ಲಿ ಕುದಿಸಿದರೂ ಗಾಳಿ ತಿರುಗಿದಾಗ ಸೀದಾ ದೇವರ ಕೋಣೆಗೇ ಹೋಗುತ್ತಿತ್ತು. ಅತ್ತೆ ಊದುಬತ್ತಿ ಎರಡರ ಜಾಗದಲ್ಲಿ ನಾಲ್ಕು ಹಚ್ಚುತ್ತಿದ್ದರು, ಮಾತಾಡುತ್ತಿರಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ಆ ಹಸಿರು ಬಳೆಗೂ ಆ ವಾಸನೆಗೂ ಮೂಲ ಒಂದೇ. ಬಿಳಿಯ ಭಾಗದಲ್ಲಿ ಗಂಧಕವಿರುವ ಪ್ರೋಟೀನುಗಳಿವೆ. ಬಹಳ ಹೊತ್ತು ಕಾದರೆ ಅದರಿಂದ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ, ಅದು ಹಳದಿಯಲ್ಲಿನ ಕಬ್ಬಿಣದೊಂದಿಗೆ ಸೇರಿ ಹಸಿರುಗಟ್ಟುತ್ತದೆ. ಅಂದರೆ ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು ತತ್ತಿಗಲ್ಲ, ಮಗನ ಪೇಪರ್ ಓದಿಗೆ.

ಸಿಪ್ಪೆ ಒಡೆದು ನೀರಿಗೇ ಬಿಟ್ಟು ಬೇಯಿಸುವ ಪೋಚ್ ವಿಧಾನವೂ ಉಂಟು, ಎಣ್ಣೆಯ ಸೋಂಕೇ ಇಲ್ಲ. ಆದರೆ ಅದಕ್ಕೆ ತಾಜಾ ತತ್ತಿ ಬೇಕು. ದಿನ ಕಳೆದಂತೆ ಬಿಳಿ ತೆಳ್ಳಗಾಗುತ್ತ ಹೋಗುತ್ತದೆ. ಕಿರಾಣಿ ಅಂಗಡಿಯ ಬಿಸಿಲಿಗೆ ಟ್ರೇದಲ್ಲಿ ಕುಳಿತ ತತ್ತಿಯನ್ನು ನೀರಿಗೆ ಬಿಟ್ಟರೆ ಬಿಳಿಯೆಲ್ಲ ಎಳೆಎಳೆಯಾಗಿ ಹರಡಿ, ಬೋಗುಣಿಯ ತುಂಬ ನೊರೆ, ನಡುವೆ ಬತ್ತಲೆ ಹಳದಿ. ವಿನೆಗರ್ ಹಾಕಿದರೆ ಬಿಳಿ ಬೇಗ ಹೆಪ್ಪುಗಟ್ಟುತ್ತದೆ ನಿಜ, ಹುಳಿ ವಾಸನೆಯೊಂದು ಹೆಚ್ಚಾಗುತ್ತದೆ. ವಾಸನೆಯ ಜಗಳವೇ ಸಾಕಾಗಿತ್ತು ನಮಗೆ.

ತತ್ತಿಯನ್ನು ನೀರಿಗೆ ಬಿಡದೆ ಬೇಯಿಸುವ ಸಾಮಾನೇನಾದರೂ ಸಿಕ್ಕೀತೆಂದು ದುರ್ಗದ ಬೈಲಿನ ಪೇಟೆಗೆ ಹೋದಾಗ ಬೋಗುಣಿಯ ಬಾಯಿಯನ್ನು ದಾರದಿಂದ ಅಳೆದು, ಗಂಟು ಹಾಕಿ, ಪರ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಬಾಂಡೆ ಅಂಗಡಿಯಾತ ಮೇಲಿನ ಹಲಗೆಯಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ನಾಲ್ಕು ತೂತಿನ ಸ್ಟೀಲ್ ತಾಟು, ತೂತಿಗೊಂದರಂತೆ ಸಣ್ಣ ಬಟ್ಟಲು, ನಡುವೆ ಎತ್ತಲು ಒಂದು ಗುಬುಟು. ಬೋಗುಣಿಯ ಅಂಚಿನ ಮೇಲೆ ಕೂರಿಸಿದರೆ ಆಯಿತು.

"ಎಗ್ ಪೋಚರ್ ಅಂತಾರ್ರಿ ಅಕ್ಕಾರ. ಯಾರೂ ಕೇಳಂಗಿಲ್ಲ. ಮುನ್ನೂರು ಬರದಾರ, ಎರಡುನೂರಾ ಐವತ್ತು ಕೊಡ್ರಿ."

ದಾರದ ಅಳತೆಗೆ ಕೂತಿತು, ತಂದೆ. ಅಗ್ಗದ ಸಾಮಾನಿನ ಗುಣ ಮನೆಗೆ ಬಂದ ಮೇಲೆ ಗೊತ್ತಾಯಿತು. ತೂತಿನ ಅಂಚು ಬೆರಳು ಕೊಯ್ಯುವಷ್ಟು ಹರಿತ, ಒಂದು ಬಟ್ಟಲು ಗಡಗಡ ಅಲುಗಾಡುತ್ತಿತ್ತು. ಮಾವನವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಕಟ್ಟಿಹಾಕಿದ್ದರಿಂದ ಕೈ ತುರಿಸುತ್ತಿತ್ತು. ಕುರ್ಚಿಯಲ್ಲಿ ಕುಳಿತೇ ಅರ ತರಿಸಿಕೊಂಡು, ಅಂಚನ್ನು ತಾಸುಗಟ್ಟಲೆ ತೀಡಿದರು. ಕಾಯಿಲೆಯವರಿಗೆ ಆ ತಾಟು ಮಾಡಿದ ಮೊದಲ ಉಪಕಾರ ಅದೇ ಎಂದು ನನ್ನ ಎಣಿಕೆ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಉದ್ಘಾಟನೆ. ಬೋಗುಣಿಯಲ್ಲಿ ಒಂದು ಬೆರಳು ನೀರು. ಹೆಚ್ಚಾದರೆ ಕುದಿದು ಬಟ್ಟಲಿಗೆ ಹಾರುತ್ತದೆ. ಬಟ್ಟಲಿಗೆ ಬೆರಳಿನಿಂದ ತುಸು ತುಪ್ಪ ಸವರಿ, ನೀರು ಕುದಿ ಬಂದ ಮೇಲೆ ಒಂದೊಂದರಲ್ಲಿ ಒಂದೊಂದು ತತ್ತಿ ಒಡೆದು ಮುಚ್ಚಳ ಹಾಕಿದೆ. ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಹೇಳುವ ನಮ್ಮ ಯಜಮಾನರು ಪಕ್ಕದಲ್ಲಿ ನಿಂತು, ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ ಎಂದು ಶುರುಮಾಡಿದರು. ತತ್ತಿಯ ಬಿಳಿ 60 ಡಿಗ್ರಿ ದಾಟುತ್ತಲೇ ಹೆಪ್ಪಾಗತೊಡಗುತ್ತದೆ, ಹಳದಿಗೆ ಇನ್ನೂ ಐದಾರು ಡಿಗ್ರಿ ಬೇಕು. ಆ ಎರಡು ಡಿಗ್ರಿಗೆ ಯಾರ ನಾಷ್ಟಾವೂ ನಿಲ್ಲುವುದಿಲ್ಲ.

ನಾಲ್ಕು ನಿಮಿಷಕ್ಕೆ ಮುಚ್ಚಳ ಎತ್ತಿ ನೋಡಿದೆ. ಬಟ್ಟಲಿನ ಅಂಚಿನಿಂದ ಬಿಳಿ ಗಟ್ಟಿಯಾಗುತ್ತ ಬಂದು, ಹಳದಿಯ ಮೇಲೆ ತೆಳು ಪೊರೆ ಕಟ್ಟಿತ್ತು. ಆದರೆ ಮೇಲೆಲ್ಲ ನೀರು. ಮುಚ್ಚಳಕ್ಕೆ ಕಟ್ಟಿದ ಆವಿ ತೊಟ್ಟಿಕ್ಕಿ ಬಟ್ಟಲಲ್ಲಿ ನಿಂತಿತ್ತು.

ಅಡಿಗೆಮನೆಯ ಕಿಟಕಿಯಿಂದ ದನಿ ಬಂತು: "ಮುಚ್ಚಳಕ್ಕ ಅರಿವಿ ಕಟ್ಟವಾ! ಕಡಬು ಇಟ್ಟಾಗ ನಾ ಕಟ್ಟೂದು ನೋಡಿಲ್ಲೇನ ನೀ?"

ತತ್ತಿ ಅತ್ತೆಗೆ ವರ್ಜ್ಯ, ಸರಿ. ಆದರೆ ಆವಿಯಲ್ಲಿ ಬೇಯುವ ಪದಾರ್ಥ ಕಣ್ಣೆದುರಿಗೆ ಕೆಡುವುದು ಅವರಿಗೆ ಅದಕ್ಕಿಂತ ದೊಡ್ಡ ಪಾಪ. ಹಳೆಯ ಧೋತರದ ತುಂಡೊಂದನ್ನು ಕಿಟಕಿಯಿಂದಲೇ ಎಸೆದರು. ಮುಚ್ಚಳಕ್ಕೆ ಸುತ್ತಿ, ತುದಿಗಳನ್ನು ಮೇಲೆ ಗಂಟು ಹಾಕಿದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹೀಗೆ ಬೇಯಿಸಿದ್ದನ್ನು ಪೋಚ್ ಎನ್ನಲು ಬರುವುದಿಲ್ಲ, ಇದು ಆವಿಯ ಅಡಿಗೆ, ಇಡ್ಲಿಯ ಕುಲ ಎಂದು ಬಲ್ಲವರು ಮೂಗು ಮುರಿಯಬಹುದು. ಮುರಿಯಲಿ. ನಮ್ಮ ಮನೆಯಲ್ಲಿ ಅದರ ಕೆಲಸ ಕೆಟ್ಟದ್ದು ಆ ಕುಲದಿಂದಲ್ಲ, ಸುಧಾರಿಸಿದ್ದೇ ಅದರಿಂದ.

ಬಟ್ಟಲು ಬೇರೆಬೇರೆ ಇರುವುದರ ಸುಖ ಆಗ ತಿಳಿಯಿತು. ನನಗೆ ಹಳದಿ ಹರಿಯಬೇಕು. ನನ್ನದನ್ನು ಇಕ್ಕಳದಿಂದ ಮೊದಲೇ ಎತ್ತಿದೆ. ವಯಸ್ಸಾದವರಿಗೆ, ಬಸುರಿಯರಿಗೆ, ಕೂಸುಗಳಿಗೆ ಹಸಿ ಹಳದಿ ಕೊಡಬಾರದು, ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ. ಮಾವನವರ ಬಟ್ಟಲುಗಳು ಇನ್ನೂ ಮೂರ್ನಾಲ್ಕು ನಿಮಿಷ ಅಲ್ಲೇ ಇದ್ದವು. ಚಮಚದ ತುದಿಯನ್ನು ಅಂಚಿನ ಸುತ್ತ ಒಮ್ಮೆ ಆಡಿಸಿ ಬೋರಲು ಹಾಕಿದರೆ ತುಪ್ಪದ ಹೊಳಪಿನ ಗುಂಡನೆಯ ತತ್ತಿ ರೊಟ್ಟಿಯ ಮೇಲೆ ಕುಳಿತುಕೊಂಡಿತು. ಹಳದಿ ಗಟ್ಟಿಯಾಗಿತ್ತು, ಪುಡಿಯಾಗಿರಲಿಲ್ಲ. ಹಸಿರು ಬಳೆಯ ಸುಳಿವಿಲ್ಲ.

"ಸ್ವಲ್ಪ ಮೆಣಸಿನ ಪುಡಿ ಉದುರಸು. ಶೇಂಗಾ ಹಿಂಡಿ ಬ್ಯಾರೆ ಇಡು, ಇದರ ಮ್ಯಾಲ ಹಾಕಬ್ಯಾಡ, ರುಚಿ ಕೆಡತದ," ಎಂದರು ಮಾವನವರು. ಹುಟ್ಟಾ ತತ್ತಿ ಮುಟ್ಟಿಲ್ಲದ ಮನುಷ್ಯನಿಗೆ ಈ ಖಚಿತ ಜ್ಞಾನ ಎಲ್ಲಿಂದ ಬಂತು? ವರ್ಕ್‌ಶಾಪಿನ ಮೂವತ್ತು ವರ್ಷದ ಮಧ್ಯಾಹ್ನಗಳ ಲೆಕ್ಕ ಯಾರೂ ಕೇಳಲಿಲ್ಲ. ಅತ್ತೆ ಕಿಟಕಿಯಿಂದ ಗಂಡನ ಮುಖ ನೋಡಿದ ರೀತಿಯಲ್ಲಿ ಅವರಿಗೆ ಆ ಲೆಕ್ಕ ಮೊದಲಿನಿಂದಲೂ ಗೊತ್ತಿತ್ತೆಂದು ಕಂಡಿತು.

ನನ್ನ ತಾಟಿನ ರೊಟ್ಟಿ ಹಳದಿಯನ್ನು ಹೀರಿಕೊಂಡು ಮೆತ್ತಗಾಗಿತ್ತು, ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ. ಅದರ ಬಗ್ಗೆ ಹೆಚ್ಚು ಹೇಳಿದರೆ ಹೊಟ್ಟೆ ಹಸಿಯುತ್ತದೆ.

ಅಂದು ಊದುಬತ್ತಿ ಎರಡೇ ಉರಿದವು. ಮಳೆಗಾಲ ಹತ್ತಿ, ಹಿತ್ತಲ ಕಟ್ಟೆ ತೊಯ್ಯತೊಡಗಿದಾಗ, "ಒಳಗ ತಗೊಂಡು ಬಾ ಆ ಒಲಿ, ಕರೆಂಟು ಹೊಡದೀತು" ಎಂದು ಅತ್ತೆಯೇ ಹೇಳಿದರು. ಒಳಗೆ ಅಂದರೆ ಹಿಂದಿನ ಬಾಗಿಲಿನ ಪಕ್ಕದ ಮೂಲೆ, ಅಡಿಗೆಮನೆಯ ಗಡಿಯೊಳಗೆ ಎರಡು ಫರ್ಸಿಯಷ್ಟು ಜಾಗ. ಸೋಮವಾರ, ಅಮವಾಸ್ಯೆ, ಶ್ರಾವಣ ರಜೆ. ಬೋರ್‌ವೆಲ್ಲಿನ ಗಡುಸು ನೀರಿಗೆ ತಾಟಿನ ಕೆಳಗೆ ಬೆಳ್ಳಗೆ ಉಪ್ಪು ಕಟ್ಟುತ್ತದೆ; ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆ, ಅದನ್ನು ಹೇಳಿಕೊಟ್ಟವರೂ ಅವರೇ.

ಮೊನ್ನೆ ಆ ತಾಟನ್ನು ದೂರದಿಂದ ಬಗ್ಗಿ ನೋಡುತ್ತ, "ಇಬ್ಬರಿಗೇ ಅಂದ್ರ ಅಷ್ಟು ದೊಡ್ಡ ಇಡ್ಲಿ ಪಾತ್ರಿ ಯಾಕ ಇಡಬೇಕು? ರವಾ ಇಡ್ಲಿಗೆ ಇಂಥಾದ್ದೊಂದು ಹೊಸಾದು ತಂದಕೊಡು. ತತ್ತಿ ಮುಟ್ಟಿಸಿರಬಾರದು ನೋಡ," ಎಂದರು. ದಾರ ಮತ್ತೆ ಅಳೆದು ದುರ್ಗದ ಬೈಲಿಗೆ ಹೋದೆ. ಅಂಗಡಿಯಾತ ಇನ್ನೊಂದು ಡಬ್ಬಿ ಇಳಿಸಿ, ಈ ಸಲ ಮುನ್ನೂರಕ್ಕೆ ಒಂದು ಪೈಸೆ ಕಡಿಮೆ ಮಾಡಲಿಲ್ಲ: "ಈಗ ಭಾಳ ಮಂದಿ ಕೇಳಾಕ ಹತ್ಯಾರ್ರಿ ಅಕ್ಕಾರ."