ಮೊದಲಿನಿಂದಲೇ ನೋಡು

ಅಕ್ಕನ ಮಗ ನಿನ್ನೆ ರಾತ್ರಿ ಫೋನ್ ಮಾಡಿ, "ಮಾಮಾ, ಡ್ರ್ಯಾಗನ್ ಬಾಲ್ ಎಲ್ಲಿಂದ ಶುರು ಮಾಡಲಿ? ನೇರವಾಗಿ ಝಡ್‌ಗೆ ಹೋಗಲೇ?" ಎಂದು ಕೇಳಿದ. ಬೇಡ ಎಂದೆ. ಜಪಾನಿನ ಈ ಕಾರ್ಟೂನ್ ಕಥೆಯ ಎರಡನೆಯ ಸರಣಿ ಝಡ್. 1986ರಲ್ಲಿ ಆರಂಭವಾದ ಮೊದಲ ಸರಣಿಯ 153 ಕಂತುಗಳನ್ನು ಬಿಟ್ಟು ಮುಂದೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಅಜ್ಜ ಹೋದ ಮೇಲೆ ಕಾಡಿನಲ್ಲಿ ಒಬ್ಬನೇ ಬದುಕುವ, ಬಾಲವಿರುವ ಹುಡುಗ ಗೊಕು ಸಿಗುವುದು ಅಲ್ಲಿಯೇ.

ಪಿಕೊಲೊ ಸಿಗುವುದೂ ಅಲ್ಲಿಯೇ, ಗೊಕುವಿನ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ಹುಟ್ಟಿದವನು. ಝಡ್‌ನಲ್ಲಿ ಅದೇ ಪಿಕೊಲೊ ಗೊಕುವಿನ ಪುಟ್ಟ ಮಗ ಗೊಹಾನ್‌ನನ್ನು ಎತ್ತಿಕೊಂಡು ಹೋಗಿ ಪಳಗಿಸುತ್ತಾನೆ. ಕೊನೆಗೆ ಭೂಮಿಯ ಮೇಲೆ ದಾಳಿಗೆ ಬಂದ ನಪ್ಪಾನ ಹೊಡೆತಕ್ಕೆ ಅಡ್ಡ ನಿಂತು, ಎರಡೂ ಕೈ ಚಾಚಿ, ಆ ಮಗುವಿಗಾಗಿ ತಾನೇ ಎದೆಯೊಡ್ಡುತ್ತಾನೆ. ಹಳೆಯ ಹಗೆಯನ್ನು ನೋಡದವರಿಗೆ ಆ ಚಾಚಿದ ಕೈಗಳ ತೂಕ ತಿಳಿಯದು.

ಝಡ್‌ನ 291 ಕಂತುಗಳಲ್ಲಿ ಎಳೆದಾಟ ಇದೆ, ಒಪ್ಪುತ್ತೇನೆ. ಅಕಿರಾ ತೊರಿಯಾಮಾ ವಾರವಾರ ಬರೆಯುತ್ತಿದ್ದ ಮೂಲ ಕಾಮಿಕ್ಸನ್ನು ದಾಟಿ ಸರಣಿ ಓಡುವಂತಿರಲಿಲ್ಲವಲ್ಲ! ಐದು ನಿಮಿಷದಲ್ಲಿ ನಮೆಕ್ ಗ್ರಹ ಸಿಡಿಯುತ್ತದೆ ಎಂದ ಮೇಲೂ ಕಾಳಗ ಹಲವು ಕಂತು ಸಾಗುತ್ತದೆ. ಪುರುಸೊತ್ತಿಲ್ಲದವರು 2009ರಲ್ಲಿ ಬಂದ, ಝಡ್ ಅನ್ನೇ ಕತ್ತರಿಸಿ ಬಿಗಿಗೊಳಿಸಿದ ಕಾಯ್ ನೋಡಬಹುದು. ಝಡ್ ಆದ ಮೇಲೆ ಬಂದ ಜಿಟಿ ಸರಣಿ ತಡವಾದರೂ ನಡೆದೀತು.

2024ರ ಮಾರ್ಚ್‌ನಲ್ಲಿ ತೊರಿಯಾಮಾ ತೀರಿಕೊಂಡ ಸುದ್ದಿ ಬಂದಾಗ ನಾನು ಹುಡುಕಿ ನೋಡಿದ್ದು ಯಾವ ಕಾಳಗವನ್ನೂ ಅಲ್ಲ. ಮನಸ್ಸು ಶುದ್ಧವಿದ್ದವರನ್ನು ಮಾತ್ರ ಹೊರುವ ಹಳದಿ ಮೋಡದ ಮೇಲೆ ಗೊಕು ಮೊದಲ ಸಲ ಹತ್ತಿ ಕುಣಿದಾಡುವ ದೃಶ್ಯವನ್ನು. ಹುಡುಗ ಅದನ್ನಿನ್ನೂ ನೋಡಿಲ್ಲ. ಶನಿವಾರ ಬರುತ್ತೇನೆ, ಒಟ್ಟಿಗೆ ಕೂತು ನೋಡೋಣ ಎಂದಿದ್ದೇನೆ.